ಕೊಸರಿಗೆ ಒಂದು ಅಂಕಪಟ್ಟಿ

ನನ್ನ ಹತ್ತಿರ ಮೂರು ಅಂಕಪಟ್ಟಿಗಳಿದ್ದವು. ಮೂರೂ ಒಂದೇ ಪರೀಕ್ಷೆಯವು, ಮೂರೂ ನನ್ನವೇ. ಆದರೆ ಅಕ್ಕಪಕ್ಕ ಇಟ್ಟು ನೋಡಿದರೆ ಮೂವರು ಬೇರೆ ಬೇರೆ ಹುಡುಗಿಯರು ಬರೆದ ಹಾಗಿತ್ತು. ಮೊದಲನೆಯದರಲ್ಲಿ ಗಣಿತಕ್ಕೆ ಏಳುನೂರ ಅರವತ್ತು, ಇಂಗ್ಲಿಷಿಗೆ ಐನೂರ ನಲವತ್ತು. ಎರಡನೆಯದರಲ್ಲಿ ಗಣಿತ ಆರುನೂರ ನಲವತ್ತಕ್ಕೆ ಇಳಿದು, ಇಂಗ್ಲಿಷ್ ಏಳುನೂರಕ್ಕೆ ಹಾರಿತ್ತು. ಮೂರನೆಯದರ ಬಗ್ಗೆ ಮಾತಾಡದಿರುವುದೇ ಮರ್ಯಾದೆ. ಆದರೆ ಈ ಕತೆಯೇ ಅದರದ್ದಾದ್ದರಿಂದ ಹೇಳಿಬಿಡುತ್ತೇನೆ: ಆರುನೂರ ಹತ್ತು, ಐನೂರ ಇಪ್ಪತ್ತು. ಒಂದೊಂದು ಭಾಗಕ್ಕೂ ಎಂಟುನೂರು ಪೂರ್ಣಾಂಕ.

ಪರೀಕ್ಷೆಯ ಹೆಸರು ಸ್ಯಾಟ್, ಅಮೆರಿಕದವರು ನಡೆಸುವುದು. ಹೊನ್ನಾವರದಲ್ಲಿ ನನ್ನ ಜೊತೆ ಪಿಯುಸಿ ಓದುತ್ತಿದ್ದವರೆಲ್ಲ ಸಿಇಟಿ, ನೀಟ್ ಎಂದು ಜಪ ಮಾಡುತ್ತಿದ್ದಾಗ ನಾನೊಬ್ಬಳು ಇದರ ಬೆನ್ನು ಹತ್ತಿದ್ದೆ. ಉತ್ತರ ಭಾರತದಲ್ಲಿ ಒಂದು ವಿಶ್ವವಿದ್ಯಾಲಯವಿದೆ, ಸ್ಯಾಟ್ ಅಂಕ ನೋಡಿ ಸೇರಿಸಿಕೊಳ್ಳುವಂಥದ್ದು. ಅಲ್ಲಿಯ ಗಣಿತದ ಕ್ಲಾಸಿನ ವಿಡಿಯೋ ಒಂದನ್ನು ನೋಡಿ ನನಗೆ ಹುಚ್ಚು ಹಿಡಿದಿತ್ತು. ಪಾಠ ಮಾಡುವವರು ಬೋರ್ಡಿನ ಮೇಲೆ ತಪ್ಪು ಮಾಡುತ್ತಾರೆ, ಹಿಂದಿನ ಬೆಂಚಿನ ಹುಡುಗಿ ಎದ್ದು ತಿದ್ದುತ್ತಾಳೆ, ಅವರು ಬೈಯುವ ಬದಲು ಚಪ್ಪಾಳೆ ತಟ್ಟುತ್ತಾರೆ! ಆ ಬೆಂಚಿನಲ್ಲಿ ನಾನು ಕೂರಬೇಕು. ಅದೂ ಫೀಸು ಪೂರ್ತಿ ಮಾಫಿಯಾಗುವ ಸೀಟಿನಲ್ಲೇ ಕೂರಬೇಕು, ಇಲ್ಲದಿದ್ದರೆ ನಮ್ಮಂಥವರಿಗೆ ಆ ಬಾಗಿಲು ಮುಚ್ಚಿದ ಹಾಗೇ. ಬೇರೆಲ್ಲೂ ಅರ್ಜಿ ಹಾಕುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೆ. ನನ್ನ ಹಟ ನಮ್ಮ ಕೇರಿಗೆಲ್ಲ ಗೊತ್ತು.

ಅವರ ನಿಯಮ ಹೀಗಿತ್ತು. ಪರೀಕ್ಷೆ ಎಷ್ಟು ಸಲ ಬೇಕಾದರೂ ಬರೆಯಿರಿ. ಯಾವ ಸಲದ ಅಂಕ ಕಳಿಸಬೇಕೆಂದು ನೀವೇ ಆರಿಸಿಕೊಳ್ಳಿ. ಒಂದಕ್ಕಿಂತ ಹೆಚ್ಚು ಕಳಿಸಿದರೆ ಒಂದೊಂದು ಭಾಗದಲ್ಲೂ ಯಾವುದು ಹೆಚ್ಚೋ ಅದನ್ನಷ್ಟೇ ಹಿಡಿಯುತ್ತೇವೆ. ಅಂದರೆ ಮೊದಲ ಸಲದ ಗಣಿತ, ಎರಡನೇ ಸಲದ ಇಂಗ್ಲಿಷ್, ಎರಡೂ ಸೇರಿ ನನಗೆ ಸಾವಿರದ ನಾನೂರ ಅರವತ್ತು! ಇದನ್ನು ಓದಿದ ದಿನ ನಾನು ಅಡುಗೆಮನೆಯಲ್ಲಿ ಕುಣಿದ ರಭಸಕ್ಕೆ ಮೀನು ಸಾರಿನ ಪಾತ್ರೆಯ ಮುಚ್ಚಳ ಬಿತ್ತು.

ಅವ್ವಿ ಮುಚ್ಚಳ ಎತ್ತಿ ಇಟ್ಟು, "ಎಂತ ಆತು ನಿಂಗೆ?" ಎಂದಳು.

ನನ್ನ ಅವ್ವಿ, ಅಂದರೆ ಅಮ್ಮ, ಹೊನ್ನಾವರದ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು. ಅಪ್ಪ ಬೋಟಿನ ಮೇಲೆ ಹೋಗುವವನು, ಅವನ ಅಭಿಪ್ರಾಯ ಸಿಗ್ನಲ್ ಸಿಕ್ಕಾಗ ಮಾತ್ರ ಸಿಗುತ್ತಿತ್ತು. ಹಾಗಾಗಿ ಮನೆಯ ಎಲ್ಲ ವಿಷಯಕ್ಕೂ ಅವ್ವಿಯೇ ಸುಪ್ರೀಂ ಕೋರ್ಟು. ನಾನು ನಿಯಮವನ್ನು ವಿವರಿಸಿದೆ. ಅವಳು ಸೌಟು ಕೈಯಲ್ಲೇ ಹಿಡಿದು ಪೂರ್ತಿ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಗಟ್ಟಿಯಾಯಿತು.

"ಅಂದ್ರೆ, ಒಂದು ಪಾಲಿಂದ ದೊಡ್ಡ ಬಂಗಡೆ, ಇನ್ನೊಂದು ಪಾಲಿಂದ ದೊಡ್ಡ ಬಂಗಡೆ ಆರಿಸ್ಕಂಡು ಹೋಗುದಾ? ಸಣ್ಣದೆಲ್ಲ ಯಾರ ತಲೆಗೆ ಕಟ್ಟುದು?"

ಇಲ್ಲಿ ಅವ್ವಿಯ ವ್ಯಾಪಾರದ ಬಗ್ಗೆ ಎರಡು ಮಾತು ಹೇಳಬೇಕು. ಅವಳು ತೂಕ ಮಾಡಿ ಮಾರುವುದಿಲ್ಲ, ಪಾಲು ಹಾಕಿ ಮಾರುತ್ತಾಳೆ. ಹಲಗೆಯ ಮೇಲೆ ಸಣ್ಣ ಸಣ್ಣ ಗುಡ್ಡೆ. ಒಂದೊಂದು ಗುಡ್ಡೆಯಲ್ಲೂ ಎರಡು ದೊಡ್ಡದು, ಮೂರು ನಡುವಿನದು, ಉಳಿದದ್ದು ಅದರ ಪುಣ್ಯ. ಬೇಕಾದರೆ ಇಡೀ ಗುಡ್ಡೆ ಎತ್ತಿಕೊಳ್ಳಬೇಕು, ಬೇಡವಾದರೆ ಬಿಡಬೇಕು. ಈ ಗುಡ್ಡೆಯದ್ದೊಂದು, ಆ ಗುಡ್ಡೆಯದ್ದೊಂದು ಎಂದು ಕೈ ಚಾಚಿದವರ ಕೈಗೆ ಅವಳು ತಾಳೆಗರಿಯ ಬೀಸಣಿಕೆಯಿಂದ ಬಾರಿಸಿದ್ದನ್ನು ನಾನೇ ನೋಡಿದ್ದೇನೆ. ಆದರೆ ಗುಡ್ಡೆ ಒಮ್ಮೆ ಮಾರಾಟವಾಯಿತೋ, ಅದರ ಮೇಲೆ ಅವಳೇ ಎರಡು ತಾರ್ಲೆ ಮೀನನ್ನೋ ಒಂದು ಹಿಡಿ ಶೆಟ್ಲಿ ಸಿಗಡಿಯನ್ನೋ ಬಿಟ್ಟಿಯಾಗಿ ಕೊಸರು ಹಾಕಿ ಕೊಡುತ್ತಾಳೆ. ಕೊಸರು ಹಾಕದೆ ಒಂದು ಚೀಲವನ್ನೂ ಅವಳು ಯಾರ ಕೈಗೂ ಕೊಟ್ಟವಳಲ್ಲ.

"ಆರಿಸುವವರು ಅವರೇ ಅಲ್ವೇ, ಅವ್ರೇ ಹೇಳಿದಾರೆ," ಎಂದೆ.

"ಹಂಗೆ ಹೇಳುವ ಗಿರಾಕಿಯ ನಂಬುಕಾಗ ಮಾರಾಯ್ತಿ. ಮೊದ್ಲು ಆರಿಸ್ಕಳಿ ಅಂತ್ರು, ಮತ್ತೆ ಇಡೀ ಪಾಲೇ ಬ್ಯಾಡ ಅಂತ್ರು."

ಈ ಒಂದು ಮಾತು ನನ್ನ ತಲೆಯಲ್ಲಿ ಹುಳದಂತೆ ಹೊಕ್ಕಿತು. ಮರುದಿನವೇ ಕುಮಟೆಯ ಬಸ್ಸು ಹತ್ತಿದೆ.

ಕುಮಟೆಯಲ್ಲಿ ನನ್ನ ಗಣಿತದ ಸರ್ ಇದ್ದರು. ಕಾಲೇಜಿನಿಂದ ನಿವೃತ್ತರಾಗಿ, ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ನನ್ನಂಥ ನಾಲ್ಕು ಹುಚ್ಚರಿಗೆ ಪಾಠ ಹೇಳುತ್ತಿದ್ದರು. ಯಾಣದ ದಾರಿಯಲ್ಲೆಲ್ಲೋ ಅವರ ಊರು. ಪಾಠವೆಲ್ಲ ಪುಸ್ತಕದ ಕನ್ನಡ, ಇಂಗ್ಲಿಷ್; ತಲೆ ಬಿಸಿಯಾದರೆ ಮಾತ್ರ ಮನೆಮಾತು ಹೊರಬೀಳುತ್ತಿತ್ತು. ನಾನು ಮೂರೂ ಅಂಕಪಟ್ಟಿಗಳನ್ನು ಮೇಜಿನ ಮೇಲೆ ಹರಡಿದೆ. ಅವರು ಮೊದಲನೆಯದನ್ನು ನೋಡಿ ಮೀಸೆಯಲ್ಲೇ ನಕ್ಕರು. ಎರಡನೆಯದನ್ನು ನೋಡಿ ಕನ್ನಡಕ ತೆಗೆದರು. ಮೂರನೆಯದನ್ನು ನೋಡಿ ಕನ್ನಡಕ ಮತ್ತೆ ಹಾಕಿಕೊಂಡರು.

"ಎಂತದೇ ಕೂಸೇ ಇದು?"

ಎಂತದು ಎಂದರೆ ಏನು ಹೇಳಲಿ! ಮೊದಲ ಸಲ ಬರೆದಾಗ ಗಣಿತ ಒಂದೇ ಓದಿದ್ದೆ. ಎರಡನೇ ಸಲಕ್ಕೆ ನಾಲ್ಕು ತಿಂಗಳು ಬರೀ ಇಂಗ್ಲಿಷ್ ಓದಿ ಗಣಿತಕ್ಕೆ ತುಕ್ಕು ಹಿಡಿಸಿದೆ. ಎರಡೂ ಒಂದೇ ಸಲ ಮೇಲೆ ಬಂದರೆ ಎಷ್ಟು ಚೆಂದ ಎಂದು ಮೂರನೇ ಸಲ ಹೋದೆ. ಹೋದವಳು ಒಂದು ಲೆಕ್ಕದ ಮೇಲೆ ಸಿಟ್ಟು ಬಂದು, ಇವತ್ತು ನೀನೋ ನಾನೋ ಎಂದು ಅದರ ಜೊತೆಯೇ ಹದಿನೈದು ನಿಮಿಷ ಜಗಳಾಡಿದೆ. ಅದೇ ಗೆದ್ದಿತು. ಅತಿ ಆಸೆ ಗತಿ ಕೇಡು ಎಂದು ಸುಮ್ಮನೆ ಹೇಳಿಲ್ಲ.

ಸರ್ ತೀರ್ಪು ಕೊಟ್ಟರು. "ಗಣಿತ ಓದ್ಲೆ ಹೋಪ ಕೂಸು ಗಣಿತ ತೋರ್ಸವು. ಮೊದ್ಲನೇದು ಒಂದೇ ಕಳ್ಸು. ಎರಡ್ನೇದು ಕಳ್ಸಿದ್ರೆ ಗಣಿತ ಬಿದ್ದಿದ್ದು ಅವ್ಕೆ ಕಾಣ್ತಿಲ್ಯನೇ?"

"ಅವರು ಹೆಚ್ಚಿರೋದನ್ನೇ ಹಿಡೀತಾರಂತೆ, ಸರ್."

"ಹಿಡಿತ್ವಡ, ಸರಿ. ಉಳಿದಿದ್ದಕ್ಕೆ ಕಣ್ಣು ಮುಚ್ಕತ್ತ್ವನು? ಮನುಷ್ಯರಲ್ದನೇ!" ಎಂದು ಮೂರನೆಯದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಚೀಲದೊಳಗೆ ತಾವೇ ತುರುಕಿದರು. "ಇದ್ನ ಮಾತ್ರ ಯಾರಿಗೂ ತೋರ್ಸಡ."

ಇನ್ನೊಬ್ಬಳಿದ್ದಳು, ಭಟ್ಕಳದ ನನ್ನ ಗೆಳತಿ. ಮೊದಲ ಪರೀಕ್ಷೆಗೆ ಮಂಗಳೂರಿಗೆ ಹೋಗುವಾಗ ರೈಲಿನಲ್ಲಿ ಸಿಕ್ಕಿದವಳು. ಇಬ್ಬರೂ ಒಂದೇ ದಪ್ಪ ಪುಸ್ತಕ ಹಿಡಿದು ಕೂತಿದ್ದೆವು, ಅಷ್ಟೇ ಸಾಕಾಯಿತು. ಅವಳು ಎಲ್ಲಕ್ಕೂ ಎಕ್ಸೆಲ್ ಶೀಟು ಮಾಡುವವಳು. ಫೋನಿನಲ್ಲಿ ನನ್ನ ಕತೆ ಕೇಳಿ ನಿಮಿಷದೊಳಗೆ ಹೇಳಿದಳು: "ಒಂದೇ ಕಳಿಸಿದ್ರೆ ಸಾವಿರದ ಮುನ್ನೂರು, ಎರಡು ಕಳಿಸಿದ್ರೆ ಸಾವಿರದ ನಾನೂರ ಅರವತ್ತು. ಇದಕ್ಕೆ ಜ್ಯೋತಿಷ್ಯ ಕೇಳ್ಬೇಕಾ? ಎರಡು ಕಳಿಸು, ಮೂರನೇದನ್ನು ಹೂತು ಹಾಕು."

ಒಂದು ವಾರ ನಾನು ತೂಗುಯ್ಯಾಲೆ ಆಡಿದೆ. ಬೆಳಿಗ್ಗೆ ಸರ್ ಸರಿ ಅನ್ನಿಸುತ್ತಿತ್ತು, ಊಟವಾದ ಮೇಲೆ ಗೆಳತಿ ಸರಿ ಅನ್ನಿಸುತ್ತಿತ್ತು. ಅವ್ವಿ ಇಬ್ಬರನ್ನೂ ಒಪ್ಪಲಿಲ್ಲ. ಕಾಯಂ ಗಿರಾಕಿಗೆ ಬುಟ್ಟಿಯ ತಳವನ್ನೂ ತೋರಿಸಬೇಕು ಎನ್ನುವುದು ಅವಳ ವಾದ. ನಾಲ್ಕು ವರ್ಷ ಅವರ ಜೊತೆ ಇರುವವಳು ನೀನು, ಅವರೇನು ಇವತ್ತು ಬಂದು ನಾಳೆ ಹೋಗುವ ಗಿರಾಕಿಯೇ ಎಂದು ಕೇಳಿದಳು. ನಾನು ಸಿಟ್ಟಿನಿಂದ, "ಇದು ಮೀನಲ್ಲ ಅವ್ವಿ!" ಎಂದೆ. "ಮೀನಾದ್ರೆ ನಾ ಯಾವತ್ತೋ ಮಾರಿ ಮುಗಿಸ್ತಿದ್ದೆ," ಎಂದಳು.

ಅರ್ಜಿ ಹಾಕಲು ಕೊನೆಯ ದಿನ ಬಂತು. ಸಂಜೆ ಐದರೊಳಗೆ ಮುಗಿಸಬೇಕು. ನನ್ನ ಫೋನಿನಲ್ಲಿ ಆ ಫಾರ್ಮು ಅರ್ಧ ತೆರೆದು ಅರ್ಧ ಮುನಿಸಿಕೊಳ್ಳುತ್ತಿತ್ತು. ಗೆಳತಿಯ ಮನೆಯಲ್ಲಿ ಲ್ಯಾಪ್‌ಟಾಪ್ ಇತ್ತು. ಹೊರಟು ನಿಂತರೆ ಅವ್ವಿ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಾಳೆ!

"ಪಾಲು ಆರಿಸುಕೆ ಬಿಡುವ ಕಾಲೇಜು ಹೆಂಗಿರ್ತದೆ ಅಂತ ನಾನೂ ಒಂದ್ಸಲ ಕಾಣ್ತೆ."

ಬಸ್ಸಿನಲ್ಲಿ ಅವಳಿಗೆ ಕಿಟಕಿ, ನನ್ನ ಮಡಿಲಲ್ಲಿ ಮೂರು ಅಂಕಪಟ್ಟಿ. ಶಿರಾಲಿ ದಾಟುವಾಗ ನಾನು ನಿರ್ಧಾರ ಮಾಡಿಬಿಟ್ಟೆ. ಎರಡು ಕಳಿಸುತ್ತೇನೆ, ಮೊದಲನೆಯದು, ಎರಡನೆಯದು. ನಿರ್ಧಾರವಾದ ಕೂಡಲೇ ಎಂಥ ಹಗುರ! ಬಸ್ಸಿಳಿದವಳು ಸುಮ್ಮನೆ ನಗಲು ಶುರು ಮಾಡಿದೆ. ಅವ್ವಿ ನನ್ನ ಮುಖ ನೋಡಿ ತಾನೂ ನಕ್ಕಳು. ಏಕೆ ಎಂದು ಅವಳಿಗೂ ಗೊತ್ತಿಲ್ಲ.

ಗೆಳತಿಯ ಮನೆಯಲ್ಲಿ ಅವಳ ತಾಯಿ ಅವ್ವಿಯನ್ನು ನೋಡಿದ್ದೇ ತಡ, ಇಬ್ಬರೂ ಭಟ್ಕಳದ ಮೀನಿನ ಬಗ್ಗೆ ಕೊಂಕಣಿಗೆ ಗೆಳತಿಯ ಮನೆಮಾತಾದ ನವಾಯತಿ ಬೆರೆಸಿ ಮಾತಿಗಿಳಿದರು. ಅವ್ವಿಗೆ ಶಾಲೆಯ ಇಂಗ್ಲಿಷ್ ಒಂದನ್ನು ಬಿಟ್ಟರೆ ಪೇಟೆಯ ಭಾಷೆಗಳೆಲ್ಲ ಬರುತ್ತವೆ. ನಾವಿಬ್ಬರು ಲ್ಯಾಪ್‌ಟಾಪಿನ ಮುಂದೆ ಕೂತೆವು. ಮೊದಲನೆಯದನ್ನು ಏರಿಸಿದೆವು, ಎರಡನೆಯದನ್ನು ಏರಿಸಿದೆವು. ಅಂಕಪಟ್ಟಿಗೆಂದು ಆ ಪುಟದಲ್ಲಿ ಮೂರು ಚೌಕಗಳಿದ್ದವು. ಮೂರನೆಯದು ಖಾಲಿ ಉಳಿಯಿತು.

ಅಷ್ಟರಲ್ಲಿ ಅವ್ವಿ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಇದೆಂತಕ್ಕೆ ಖಾಲಿ?"

"ಅದು ಬೇಕಾದ್ರೆ ಮಾತ್ರ."

"ಕೊಸರಿನ ಜಾಗ!" ಎಂದಳು ಅವ್ವಿ. ಅವಳಿಗೆ ಯಾವ ಅನುಮಾನವೂ ಇರಲಿಲ್ಲ. "ಖಾಲಿ ಬಿಟ್ರೆ ಎಂತ ತಿಳ್ಕಂತ್ರು? ಎಷ್ಟು ಜಿಪುಣಿ ಅಂತ್ರು. ಆ ಸಣ್ಣದಿತ್ತಲ್ಲ, ಅದ್ನ ಹಾಕು. ಕೊಸರಿನ ಮೀನು ಸಣ್ಣ ಆತು ಅಂತ ಬೈದವ್ರ ನಾ ಇದುವರೆಗೆ ಕಾಣ್ಲಿಲ್ಲ."

ಗೆಳತಿಗೆ ಕೊಸರು ಎಂದರೆ ಏನೆಂದು ಹೇಳಿದೆ. ಅವಳು ಗೋಡೆಗೆ ಒರಗಿ ನಕ್ಕಳು. ನಾನು, ಹಾಕಿದರೆ ಹೇಗೆ ಕಾಣುತ್ತದೆ ಎಂದು ಅವ್ವಿಗೆ ತೋರಿಸುವುದಕ್ಕೆಂದೇ, ಬರೀ ತಮಾಷೆಗೆ, ಮೂರನೆಯದನ್ನೂ ಏರಿಸಿದೆ. ಅವ್ವಿ ಪರದೆಯನ್ನು ನೋಡಿ, "ಹಾಂ, ಈಗ ಪಾಲು ತುಂಬ್ತು," ಎಂದು ಸೆರಗಿಗೆ ಕೈ ಒರೆಸಿಕೊಂಡಳು, ಚೀಲ ಕೊಟ್ಟು ಮುಗಿಸಿದವಳ ಹಾಗೆ. ಆ ಕೈ ಒರೆಸುವಿಕೆ ನೋಡಿ ನಮಗೆ ಇನ್ನೂ ನಗು. ಕಣ್ಣಲ್ಲಿ ನೀರು, ಹೊಟ್ಟೆಯಲ್ಲಿ ನೋವು. ಒಳಗಿನಿಂದ ಗೆಳತಿಯ ತಾಯಿ ಶಾವಿಗೆ ಬಿರಿಯಾನಿಯ ತಟ್ಟೆ ಹಿಡಿದು ಬಂದು, "ಏನಾಯ್ತು ಮಕ್ಕಳೇ, ಮುಗೀತಾ?" ಎಂದು ಕೇಳಿದರು. "ಮುಗೀತು ಮುಗೀತು," ಎನ್ನುತ್ತ, ನಗುತ್ತಲೇ, ನಾನು ಕೆಳಗಿನ ಹಸಿರು ಗುಂಡಿ ಒತ್ತಿದೆ.

ನಿಮ್ಮ ಅರ್ಜಿ ತಲುಪಿದೆ, ಇನ್ನು ಬದಲಾವಣೆ ಸಾಧ್ಯವಿಲ್ಲ, ಎಂದು ಬಂತು.

ನಗು ನಿಲ್ಲಲು ಎರಡು ಕ್ಷಣ ಹಿಡಿಯಿತು. ಮೊದಲು ನಿಂತದ್ದು ಗೆಳತಿಯದು. "ಮೂರನೇದು ತೆಗೆದ್ಯಾ?" ಎಂದು ಕೇಳಿದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಬೀದಿಯಲ್ಲಿ ಹೋಗುವ ಮಾರಿಯನ್ನು ಕೈ ಹಿಡಿದು ಮನೆಗೆ ಕರೆದುಕೊಂಡು ಬಂದಿದ್ದೆ. ಆಮೇಲೆ, ದೇವರಾಣೆ, ಇಬ್ಬರಿಗೂ ಮತ್ತೆ ನಗು ಬಂತು, ಈ ಸಲ ಹೆದರಿಕೆಗೆ. ಬಿರಿಯಾನಿ ಎಷ್ಟು ರುಚಿಯಾಗಿತ್ತೆಂದರೆ ಅಂಥ ಹೊತ್ತಿನಲ್ಲೂ ಎರಡು ಸಲ ಹಾಕಿಸಿಕೊಂಡೆ.

ಬಸ್ಸಿನಲ್ಲಿ ಬರುವಾಗ ಅತ್ತೆ. ಅವ್ವಿ ನನ್ನ ಬೆನ್ನು ಸವರುತ್ತ, "ಕೊಸರು ಯಾರೂ ಲೆಕ್ಕಕ್ಕೆ ಹಿಡಿಯುದಿಲ್ವೇ," ಎಂದು ಹೇಳುತ್ತಲೇ ಇದ್ದಳು. ನಾನು ಅವಳ ಕೈ ತಳ್ಳಿದೆ. ಸರ್‌ಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಡೆಗೆ, "ಚಾ ಕುಡಿತ್ಯ?" ಎಂದು ಕೇಳಿದರು. ಬೈದಿದ್ದರೇ ವಾಸಿಯಿತ್ತು.

ಆರು ವಾರದ ಮೇಲೆ ಸಂದರ್ಶನಕ್ಕೆ ಕರೆ ಬಂತು. ವಿಡಿಯೋದಲ್ಲಿ, ಇಂಗ್ಲಿಷಿನಲ್ಲಿ. ನೆಟ್ ಗಟ್ಟಿಯಿದ್ದದ್ದು ಕುಮಟೆಯ ಸರ್ ಕೋಣೆಯಲ್ಲಿ, ಹಾಗಾಗಿ ಅಲ್ಲೇ. ಮೂರನೆಯದರ ಬಗ್ಗೆ ಕೇಳಿದರೆ ಹೇಳಲು ಉತ್ತರ ತಯಾರಾಗಿತ್ತು. ಪಾರದರ್ಶಕತೆಯಲ್ಲಿ ನನಗೆ ನಂಬಿಕೆ ಎಂದು ಹೇಳಬೇಕೆಂದು ಸರ್ ನಾಲ್ಕು ಸಲ ಬಾಯಿಪಾಠ ಮಾಡಿಸಿದ್ದರು. ತಾಂತ್ರಿಕ ದೋಷ ಎಂದುಬಿಡು ಎಂದು ಗೆಳತಿ ಮೆಸೇಜು ಹಾಕಿದ್ದಳು. ಸರ್ ಕ್ಯಾಮೆರಾಕ್ಕೆ ಕಾಣದ ಹಾಗೆ ಬಾಗಿಲ ಹಿಂದೆ ನಿಂತರು. ಅವರ ಚಪ್ಪಲಿ ಮಾತ್ರ ನನಗೆ ಕಾಣುತ್ತಿತ್ತು.

ಪರದೆಯ ಮೇಲೆ ಇಬ್ಬರಿದ್ದರು, ಒಬ್ಬ ಹಿರಿಯ ಮಹಿಳೆ, ಒಬ್ಬ ಗಡ್ಡದವರು. ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಆ ಮಹಿಳೆ ಕಾಗದ ನೋಡುತ್ತ ಕೇಳಿದರು. ನಿನ್ನ ಮೂರನೇ ಸಲದ ಅಂಕ ಎರಡು ಭಾಗದಲ್ಲೂ ಕಡಿಮೆ. ಅದರಿಂದ ನಿನಗೆ ಯಾವ ಲಾಭವೂ ಇಲ್ಲ. ಕಳಿಸಬೇಕಾದ ಅಗತ್ಯವೂ ಇರಲಿಲ್ಲ. ಯಾಕೆ ಕಳಿಸಿದೆ?

ಕುಂಬಳಕಾಯಿ ಕಳ್ಳ ಅಂದ ಹಾಗಾಯಿತು, ನಾನು ಹೆಗಲು ಮುಟ್ಟಿಕೊಂಡೆ. ಪಾರದರ್ಶಕತೆಗಿರುವ ಇಂಗ್ಲಿಷ್ ಪದ ನಾಲಗೆಯ ತುದಿಗೆ ಬಂತು. ಅದನ್ನು ಹೇಳಿದರೆ ನನಗೇ ನಗು ಬರುತ್ತದೆ ಎಂದು ಗೊತ್ತಾಯಿತು. ಬರುವುದೇನು, ಬಂದೇಬಿಟ್ಟಿತು. ಒಮ್ಮೆ ಬಂದ ಮೇಲೆ ನನ್ನ ನಗು ನನ್ನ ಮಾತು ಕೇಳುವುದಿಲ್ಲ.

"ಮ್ಯಾಮ್, ಅದು ಕೊಸರು," ಎಂದೆ.

ಬಾಗಿಲ ಹಿಂದಿನ ಚಪ್ಪಲಿ ಒಂದು ಹೆಜ್ಜೆ ಹಿಂದೆ ಸರಿಯಿತು.

ಆಮೇಲೆ ನಾನು ಎಲ್ಲ ಹೇಳಿದೆ. ಪಾಲು, ಹಲಗೆ, ಬೀಸಣಿಕೆ, ಖಾಲಿ ಚೌಕ, ಬಿರಿಯಾನಿ. ನನ್ನ ಏಳುನೂರರ ಇಂಗ್ಲಿಷ್ ಎಲ್ಲಿ ಹೋಯಿತೋ, ಇದ್ದ ಪದಗಳನ್ನೇ ಎಳೆದಾಡಿ ಹೇಳಿದೆ. ನಿಮ್ಮ ನಿಯಮವನ್ನು ನನ್ನ ಅಮ್ಮ ಒಪ್ಪುವುದಿಲ್ಲ, ಎರಡು ಗುಡ್ಡೆಯಿಂದ ದೊಡ್ಡ ದೊಡ್ಡದನ್ನೇ ಆರಿಸುವವರು ಒಳ್ಳೆಯ ಗಿರಾಕಿಗಳಲ್ಲ ಎನ್ನುತ್ತಾಳೆ, ಎಂದೂ ಸೇರಿಸಿದೆ. ಯಾಕೆ ಸೇರಿಸಿದೆನೋ! ಮಹಿಳೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಗಡ್ಡದವರು ನಗಲಿಲ್ಲ, ಮುಂದೆ ಬಾಗಿದರು.

"ಹಾಗೆ ಆರಿಸಲು ಬಿಟ್ಟರೆ ನಿನ್ನ ಅಮ್ಮ ಗುಡ್ಡೆಗಳನ್ನು ಹೇಗೆ ಹಾಕುತ್ತಿದ್ದರು?"

ನನಗೆ ಜುಮ್ಮೆಂದಿತು. ಇದನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ. ದೊಡ್ಡದನ್ನೆಲ್ಲ ಒಂದೇ ಗುಡ್ಡೆಗೆ ಹಾಕಿದರೆ? ಆಗ ಉಳಿದ ಗುಡ್ಡೆಯಿಂದ ಆರಿಸಲು ಏನೂ ಇರುವುದಿಲ್ಲ. ಎಲ್ಲ ಗುಡ್ಡೆಯನ್ನೂ ಒಂದೇ ಸಮ ಮಾಡಿದರೆ? ಆಗ ಆರಿಸಿ ಪ್ರಯೋಜನವಿಲ್ಲ. ನಾನು ಕಾಗದ ಎಳೆದುಕೊಂಡು ಗೀಚತೊಡಗಿದೆ. ಗಡ್ಡದವರು ಒಂದು ಉಪಾಯ ಹೇಳಿದರು. ಅದು ತಪ್ಪು ಎಂದೆ, ಯಾಕೆ ತಪ್ಪು ಎಂದೂ ತೋರಿಸಿದೆ. ಅವರು, "ಓಹೋ!" ಎಂದು ಕುರ್ಚಿಯಲ್ಲೇ ಕುಣಿದರು. ಇಪ್ಪತ್ತು ನಿಮಿಷದ ಸಂದರ್ಶನ ಐವತ್ತು ನಿಮಿಷವಾಯಿತು. ಮುಗಿದ ಮೇಲೆ ಸರ್ ಬಾಗಿಲ ಹಿಂದಿನಿಂದ ಬಂದು ಆ ಕಾಗದ ತೆಗೆದುಕೊಂಡು ನೋಡಿ, "ಇಲ್ಲೊಂದು ಚಿಹ್ನೆ ತಪ್ಪಿದ್ದು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಫಲಿತಾಂಶ ಬಂದದ್ದು ಒಂದು ಬೆಳಿಗ್ಗೆ, ನಾನು ಕೊಡೆ ಕೊಡಲೆಂದು ಮಾರ್ಕೆಟ್ಟಿಗೆ ಹೋಗಿದ್ದಾಗ. ಫೋನ್ ತೆರೆದೆ. ಸೀಟು ಸಿಕ್ಕಿದೆ. ಫೀಸು ಪೂರ್ತಿ ಮಾಫಿ. ನಾನು ಕಿರುಚಿದ್ದಕ್ಕೆ ಪಕ್ಕದ ಹಲಗೆಯವಳು ಹಾವು ಬಂತೆಂದು ಕಾಲು ಮೇಲೆತ್ತಿದಳು. ಅವ್ವಿಗೆ ಹೇಳಿದೆ. ಅವಳು ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಮೀನಿನ ಕೈಯಲ್ಲೇ ನನ್ನ ಎರಡೂ ಕೆನ್ನೆ ಹಿಡಿದಳು. ಇಡೀ ಸಾಲಿನವರು ಕೇಳಿದರು, ಇಡೀ ಸಾಲಿನವರಿಗೂ ಅವಳೇ ಕೂಗಿ ಹೇಳಿದಳು.

ಮಧ್ಯಾಹ್ನ ಬುಟ್ಟಿ ಖಾಲಿಯಾಗಿ ಇಬ್ಬರೂ ಮನೆಗೆ ನಡೆದೆವು. ನಾನು ಕುಣಿಯುತ್ತ ಮುಂದೆ, ಅವಳು ಹಿಂದೆ. ನಗುತ್ತಲೇ ಕೇಳಿದೆ: "ಅಂತೂ ನಿನ್ನ ಕೊಸರು ನನ್ನ ಪಾರು ಮಾಡ್ತು. ನಿಂಗೆ ಮೊದ್ಲೇ ಗೊತ್ತಿತ್ತಾ?"

ಅವಳು ನಿಂತಳು. "ಒಂದು ಹೇಳ್ತೆ, ಬೈಬೇಡ. ಅವತ್ತು ಆ ಖಾಲಿ ಚೌಕ ಕಂಡಾಗ ನಂಗೆ ಬ್ಯಾರೆಯೇ ಗೊತ್ತಿತ್ತು. ಆ ಮೂರನೇದು ಕಂಡ್ರೆ ಅವ್ರು ನಿನ್ನ ಬ್ಯಾಡ ಅಂತ್ರು ಅಂತ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಬ್ಯಾಡ ಅಂದ್ರೆ ನೀ ಇಲ್ಲೇ ಇರ್ತಿ ಅಂತ. ಒಂದೇ ಒಂದು ಗಳಿಗೆ ಹಂಗೆ ಅನಿಸ್ತು. ಅಷ್ಟರೊಳಗೆ ಬಾಯಿಂದ ಬಂದು ಹೋತು. ಮತ್ತೆ ನೀ ಬಸ್ಸಲ್ಲಿ ಅತ್ಯಲ್ಲ, ಆವಾಗಿಂದ ಇವತ್ತಿನವರೆಗೆ ನಂಗೆ ಸರಿ ನಿದ್ದೆ ಇಲ್ಲ."

ನನಗೆ ಸಿಟ್ಟು ಬಂತು, ಖಂಡಿತ ಬಂತು. ನನ್ನ ಬದುಕನ್ನೇ ಮುಳುಗಿಸಲು ಹೊರಟವಳು ನನ್ನ ಬೆನ್ನು ಸವರುತ್ತ ಕೂತಿದ್ದಳಲ್ಲ! ಅವಳು ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಬೈಸಿಕೊಳ್ಳಲು ತಯಾರಾಗಿ, ನನ್ನನ್ನೇ ನೋಡುತ್ತಿದ್ದಳು. ಹನ್ನೆಂಟು ವರ್ಷದಲ್ಲಿ ಅವ್ವಿ ನನಗೆ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಈಗ ಹೆಂಗಾಗ್ತದೆ ನಿಂಗೆ?" ಎಂದು ಕೇಳಿದೆ.

"ಖುಷಿ," ಎಂದಳು ಕೂಡಲೇ. ಆಮೇಲೆ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ನೀ ಹೋಗ್ತಿಯಲ್ಲ, ಹೊಟ್ಟೆ ಉರಿತದೆ ಮಗಾ."

ಬುಟ್ಟಿ ಇಸಿದುಕೊಂಡು ನನ್ನ ತಲೆಯ ಮೇಲೆ ಇಟ್ಟುಕೊಂಡೆ. ಮನೆ ಮುಟ್ಟುವವರೆಗೆ ಇಬ್ಬರೂ ಅಳುತ್ತ, ನಗುತ್ತ, ಯಾವ ರೈಲು, ಎಷ್ಟು ದಿನದ ದಾರಿ, ಅಲ್ಲಿ ಮೀನು ಸಿಗುತ್ತದೋ ಇಲ್ಲವೋ ಎಂದು ಮಾತಾಡಿದೆವು.